ಹಸಿರು ದೀಪ ಮತ್ತು ಅಮಾಯಿ ಚಿಸಾಲೆಯ ಮುಚ್ಚಳಗಳು

ಜೋಂಬಾ ಪೇಟೆಯಲ್ಲಿ ಹೇಳುವುದೇನೆಂದರೆ, ನಾವೆಲ್ಲ ಅಮಾಯಿ, ಅಂದರೆ ಅಮ್ಮ, ಎಂದು ಕರೆಯುವ ಎನಿಫಾ ಚಿಸಾಲೆಯ ಅಡುಗೆಮನೆಗೆ ಒಮ್ಮೆ ಕಳ್ಳ ನುಗ್ಗಿದ್ದನಂತೆ. ಕದ್ದದ್ದು ಒಂದೇ ಒಂದು ಪಾತ್ರೆಯ ಮುಚ್ಚಳ. ಬೆಳಿಗ್ಗೆ ಅಮಾಯಿ ಬಾಗಿಲು ತೆರೆದು, ಒಳಗೆ ಕಾಲಿಡದೆ, ಹೊಸ್ತಿಲಲ್ಲೇ ನಿಂತು, "ಎಡಗೋಡೆ, ಮೂರನೇ ಸಾಲು, ಐದನೇದು" ಎಂದು ಗಟ್ಟಿಯಾಗಿ ಹೇಳಿದರಂತೆ. ಬೇಲಿಯಾಚೆ ಅವಿತಿದ್ದ ಕಳ್ಳನಿಗೆ ಅದು ಆಕಾಶವಾಣಿಯ ಹಾಗೆ ಕೇಳಿಸಿತು. ಸಂಜೆಯೊಳಗೆ ಮುಚ್ಚಳ ತನ್ನ ಮೊಳೆಗೆ ಬಂದು ಸೇರಿತು. ತೊಳೆದು ತಂದಿಟ್ಟಿದ್ದ ಎಂದು ಕೆಲವರು. ಬೂದಿ ಹಾಕಿ ಬೆಳಗಿ ತಂದಿಟ್ಟಿದ್ದ, ಜತೆಗೆ ಎರಡು ಮೊಟ್ಟೆಯನ್ನೂ ಇಟ್ಟು ಹೋಗಿದ್ದ ಎಂದು ಇನ್ನು ಕೆಲವರು. ಮೊಟ್ಟೆಯ ವಿಷಯ ನಾನೇ ಸೇರಿಸಿದ್ದು. ಈಗ ಅದನ್ನು ವಾಪಸು ತೆಗೆದುಕೊಳ್ಳಲು ಯಾರೂ ಬಿಡುತ್ತಿಲ್ಲ.

ಕಳ್ಳನ ಕಥೆ ಹೇಗಾದರೂ ಇರಲಿ, ಗೋಡೆಗಳು ಮಾತ್ರ ನಿಜ. ನಾನು ಕಣ್ಣಾರೆ ಕಂಡಿದ್ದೇನೆ. ಅವರ ಅಡುಗೆಮನೆಯ ಬಲಗೋಡೆಯ ಮೇಲೆ ಪಾತ್ರೆಗಳು, ಎಡಗೋಡೆಯ ಮೇಲೆ ಮುಚ್ಚಳಗಳು. ನ್ಸಿಮಾ, ಅಂದರೆ ಜೋಳದ ಹಿಟ್ಟಿನ ಮುದ್ದೆ, ತೊಳಸುವ ದೊಡ್ಡ ಪಾತ್ರೆ ಬಲಗೋಡೆಯ ಮೊದಲ ಮೊಳೆಯಲ್ಲಿದ್ದರೆ ಅದರ ಮುಚ್ಚಳ ಎಡಗೋಡೆಯ ಮೊದಲ ಮೊಳೆಯಲ್ಲಿ. ಉಸಿಪಾ ಮೀನು ಹುರಿಯುವ ಬಾಣಲೆ ಎರಡನೇ ಸಾಲಿನ ಕೊನೆಯಲ್ಲಿದ್ದರೆ ಅದರ ಮುಚ್ಚಳವೂ ಎದುರಿಗೆ, ಎರಡನೇ ಸಾಲಿನ ಕೊನೆಯಲ್ಲಿ. ಮೊಳೆಗೆ ಮೊಳೆ ಎದುರು, ಕನ್ನಡಿಯಲ್ಲಿ ನೋಡಿದ ಹಾಗೆ. ಮುಚ್ಚಳವೇ ಇಲ್ಲದ ಪಾತ್ರೆಯ ಎದುರು ಬರಿಯ ಮೊಳೆ ಇರುತ್ತದೆ. ಆ ಬರಿ ಮೊಳೆಯನ್ನು ನೋಡಿದರೆ ನಮಗೇ ಏನೋ ತಪ್ಪು ಮಾಡಿದಂತೆ ಅನ್ನಿಸುತ್ತದೆ.

ಅವರ ಗಂಡ ವೈಸನ್ ಒಮ್ಮೆ ನನ್ನ ಹತ್ತಿರ ತಗ್ಗಿದ ದನಿಯಲ್ಲಿ ಹೇಳಿದ್ದ: "ಮದುವೆಯಾಗಿ ಮೂವತ್ತು ವರ್ಷ. ಒಂದೇ ಒಂದು ಸಲ ಮುಚ್ಚಳ ತಪ್ಪು ಮೊಳೆಗೆ ಹಾಕ್ದೆ ಕಣಪ್ಪ. ಅವಳು ಬೈಲಿಲ್ಲ. ಸುಮ್ನೆ ನೋಡಿದ್ಲು. ನಾನು ಎರಡು ದಿನ ನಮ್ಮಮ್ಮನ ಊರಿಗೆ ಹೋಗಿದ್ದು ಬಂದೆ."

ವೈಸನ್ ಹೆಂಡತಿಯ ಊರಿನಲ್ಲಿ ಇರುವವನು. ಇಲ್ಲಿ ಅದೇ ರೂಢಿ. ಗಂಡು ಮದುವೆಯಾಗಿ ಹೆಣ್ಣಿನ ಅಂಗಳಕ್ಕೆ ಬರುತ್ತಾನೆ, ಮನೆ ಕಟ್ಟುತ್ತಾನೆ, ಮಕ್ಕಳು ತಾಯಿಯ ಕಡೆಯವರಾಗುತ್ತಾರೆ. ಉತ್ತರದ ಮ್ಜಿಂಬಾ ಕಡೆಯವರದ್ದು ಇದಕ್ಕೆ ತಲೆಕೆಳಗು: ಅಲ್ಲಿ ಗಂಡಿನ ಕಡೆಯವರು ಹಸು ಕೊಟ್ಟು ಹೆಣ್ಣನ್ನು ಕರೆದುಕೊಂಡು ಹೋಗುತ್ತಾರೆ, ಮಕ್ಕಳು ತಂದೆಯ ಊರಿನವರು. ಈ ಎರಡು ಪದ್ಧತಿಗಳು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಢೀ ಕೊಟ್ಟ ಕಥೆ ಇದು. ಢೀ ಕೊಟ್ಟದ್ದು ಹೆಣ್ಣು ಗಂಡಿಗಾಗಿ ಅಲ್ಲ, ಗಣಕದೊಳಗಿನ ಫೋಲ್ಡರುಗಳಿಗಾಗಿ.

ಆ ಕೋಣೆಯಲ್ಲಿ ನಾವು ಕೆಲವರು ಸೇರಿ 'ಸಿಕೆಲೊ' ಎಂಬ ತಂತ್ರಾಂಶ ಮಾಡುತ್ತೇವೆ. ಎಳೆಮಕ್ಕಳನ್ನು ತೂಗಿ ಲಸಿಕೆ ಹಾಕುವ ಕ್ಲಿನಿಕ್ಕಿಗೆ ನಮ್ಮ ಹೆಂಗಸರು ತಕ್ಕಡಿಯ ಹೆಸರನ್ನೇ ಇಟ್ಟಿದ್ದಾರೆ. "ಎಲ್ಲಿಗೆ ಹೊರಟೆ?" ಎಂದರೆ "ಸಿಕೆಲೊಗೆ" ಅನ್ನುತ್ತಾರೆ. ನಮ್ಮ ತಂತ್ರಾಂಶದ ಕೆಲಸ ಸರಳ. ಯಾವ ಮಗುವಿಗೆ ಯಾವ ದಿನ ಲಸಿಕೆ ಎಂದು ಲೆಕ್ಕ ಹಾಕಿ ದಿನಾ ಬೆಳಿಗ್ಗೆ ನರ್ಸಿಗೆ ಒಂದು ಪಟ್ಟಿ ಕೊಡುವುದು. ಪಟ್ಟಿಯಲ್ಲಿದ್ದೂ ಬಾರದ ಮಗುವನ್ನು ಹುಡುಕಿಕೊಂಡು ಆರೋಗ್ಯ ಕಾರ್ಯಕರ್ತ ಸೈಕಲ್ ಹತ್ತುತ್ತಾನೆ. ಪಟ್ಟಿಯಲ್ಲೇ ಇಲ್ಲದ ಮಗುವನ್ನು ಯಾರೂ ಹುಡುಕುವುದಿಲ್ಲ. ಈ ಕೊನೆಯ ಮಾತನ್ನು ನೆನಪಿಡಿ.

ಇದು ಮುಕ್ತ ತಂತ್ರಾಂಶ, ಊರ ಬಾವಿಯ ಹಾಗೆ. ಯಾರು ಬೇಕಾದರೂ ಇಣುಕಬಹುದು, ಸೇದಬಹುದು, ಹೂಳು ತೆಗೆಯಬಹುದು. ಸಂಬಳ ಇಲ್ಲ. ಕೆಳಗಿನ ಅಂಗಡಿಯವನು ಕಳಿಸುವ ಮಂಡಾಸಿ ಎಂಬ ಕರಿದ ಸಿಹಿ ಬನ್ನು ಉಂಟು, ಬಿಸಿ ಇದ್ದರೆ ಪುಣ್ಯ. ಶುರುಮಾಡಿದವನು ಲುಸುಂಗು ಜೆರೆ, ಮ್ಜಿಂಬಾದವನು, ಎತ್ತರದ ಆಳು, ನಲವತ್ತಕ್ಕೆ ಎರಡು ಕಡಿಮೆ. ಒಳ್ಳೆಯ ಮನುಷ್ಯ. ಅವನ ಒಂದೇ ದೋಷವೆಂದರೆ ಭಾಷಣ. ಇನ್ನೊಬ್ಬಳು ಉಪಿಲೆ ಸೈದಿ, ಸರೋವರದ ತೀರದ ಮಂಗೋಚಿಯವಳು. ಏಳು ತಿಂಗಳ ಮಗಳು ರುಕಿಯಾಳನ್ನು ಬೆನ್ನಿಗೆ ಕಟ್ಟಿಕೊಂಡೇ ಕೋಡ್ ಬರೆಯುತ್ತಾಳೆ. ಮಗು ನಿದ್ದೆ ಮಾಡಿದರೆ ಅವಳ ನಾಲಿಗೆ ಏಳುತ್ತದೆ. ಇನ್ನುಳಿದವನು ನಾನು. ಸೂಚನೆ ಪುಸ್ತಕ ಬರೆಯುವವನು, ಆಗಾಗ ಒಂದಷ್ಟು ಕೋಡನ್ನೂ.

ಕೋಡ್ ಬರೆದವನು ಅದರ ಬೆನ್ನಿಗೆ ಒಂದು ಪರೀಕ್ಷೆಯನ್ನೂ ಬರೆಯಬೇಕು. ಇಂಥ ದಿನ ಹುಟ್ಟಿದ ಮಗುವಿಗೆ ಇಂಥ ದಿನ ಲಸಿಕೆ ಬರಬೇಕು, ಬಂತೇ? ಬಂದರೆ ಪಾಸು, ಇಲ್ಲದಿದ್ದರೆ ನಪಾಸು. ಮುಂದೆ ಯಾರಾದರೂ ಕೋಡಿಗೆ ಕೈ ಹಾಕಿದಾಗಲೆಲ್ಲ ಎಲ್ಲ ಪರೀಕ್ಷೆಗಳೂ ಇನ್ನೊಮ್ಮೆ ನಡೆಯಬೇಕು. ಅದನ್ನು ನಡೆಸಲು ಒಂದು ಪುಟ್ಟ ಯಂತ್ರ ಉಂಟು. ಅದನ್ನು ನಾವು ಮೇಷ್ಟ್ರು ಅನ್ನುತ್ತೇವೆ.

ಇನ್ನು ದೀಪದ ಮಹಿಮೆ. ಲುಸುಂಗು ಈ ಮೇಷ್ಟ್ರಿಗೂ ಗೋಡೆಯ ಎರಡು ಬಲ್ಬುಗಳಿಗೂ ತಂತಿ ಎಳೆದಿದ್ದ. ಎಲ್ಲ ಪಾಸಾದರೆ ಹಸಿರು, ಒಂದು ನಪಾಸಾದರೂ ಕೆಂಪು. ಹಸಿರು ಬಲ್ಬು ಉರಿಯುತ್ತಲೇ ಇತ್ತು. ಅದರ ಕೆಳಗೆ ಹಲಗೆಯ ಮೇಲೆ ಅವನು ದಿನಾ ಬೆಳಿಗ್ಗೆ ಸೀಮೆಸುಣ್ಣದಲ್ಲಿ ಒಂದು ಸಂಖ್ಯೆ ಬರೆಯುತ್ತಿದ್ದ: ತಪ್ಪಿಲ್ಲದ ದಿನಗಳು. ನಾನು ಹೇಳುವ ವಾರದ ಗುರುವಾರ ಅದು ಆರುನೂರ ಹನ್ನೊಂದು. ಬಂದವರಿಗೆ ಕುರ್ಚಿ ತೋರಿಸುವ ಮೊದಲು ಬಲ್ಬು ತೋರಿಸುತ್ತಿದ್ದ. ಕೆಂಪು ಬಲ್ಬಿನಲ್ಲಿ ಜೇಡ ಸಂಸಾರ ಹೂಡಿ, ಮಕ್ಕಳ ಮದುವೆ ಮಾಡಿ, ಮೊಮ್ಮಕ್ಕಳನ್ನೂ ಕಂಡಿತ್ತು.

ಪರೀಕ್ಷೆಗಳನ್ನು ಇಡುವ ವಿಷಯದಲ್ಲಿ ನಮ್ಮಲ್ಲೊಂದು ಸಂಪ್ರದಾಯ ಬೆಳೆದಿತ್ತು. ಮೊದಲು ಎಲ್ಲರ ಪರೀಕ್ಷೆಗಳೂ ಒಂದೇ ದೊಡ್ಡ ಫೋಲ್ಡರಿನಲ್ಲಿ ಇರುತ್ತಿದ್ದವು. ಜನ ಹೆಚ್ಚಿದಂತೆ ಅಲ್ಲಿ ನೂಕುನುಗ್ಗಲಾಯಿತು. ಆಗ ಲುಸುಂಗು ಒಂದು ಭಾಷಣ ಮಾಡಿದ. "ಪ್ರತಿಯೊಬ್ಬನಿಗೂ ತನ್ನದೇ ಗುಡಿಸಲು ಇರಲಿ. ತನ್ನ ಪರೀಕ್ಷೆ ತನ್ನ ಗುಡಿಸಲಲ್ಲಿ. ಇದೇ ಸ್ವಾತಂತ್ರ್ಯ." ನಾವು ಚಪ್ಪಾಳೆ ತಟ್ಟಿದೆವು. ಅಂದಿನಿಂದ ಹೊಸಬರು ಬಂದರೆ ಮೊದಲ ಕೆಲಸವೇ ಗೃಹಪ್ರವೇಶ. ಲುಸುಂಗುವಿನದು 'ಜೆರೆ'. ಉಪಿಲೆಯದು 'ಮುಟ್ಟಬೇಡಿ'. ಒಬ್ಬನದು 'ಹೊಸದು', ಅವನದೇ ಇನ್ನೊಂದು 'ಇನ್ನೂ ಹೊಸದು'. ಲಿಲಾಂಗ್ವೆಯಿಂದ ಅಂತರ್ಜಾಲದಲ್ಲಿ ಕೆಲಸ ಮಾಡುವವನೊಬ್ಬ ತನ್ನ ಪರೀಕ್ಷೆಗಳನ್ನು ಚಿತ್ರಗಳ ಫೋಲ್ಡರಿನೊಳಗೆ ಬಚ್ಚಿಟ್ಟಿದ್ದ, ಏಕಾಂತ ಬೇಕಂತೆ. ನನ್ನದರ ಹೆಸರು 'ತಾತ್ಕಾಲಿಕ'. ಒಂದೂವರೆ ವರ್ಷ ದಾಟಿದರೂ ಅದು ತಾತ್ಕಾಲಿಕವಾಗಿಯೇ ಇತ್ತು.

ಇಂಥ ಸ್ವತಂತ್ರ ದೇಶಕ್ಕೆ ಅಮಾಯಿ ಚಿಸಾಲೆ ಕಾಲಿಟ್ಟರು.

ಇಪ್ಪತ್ತೆರಡು ವರ್ಷ ಹೆಣ್ಣುಮಕ್ಕಳ ಶಾಲೆಯೊಂದರ ಪ್ರಯೋಗಶಾಲೆಯಲ್ಲಿ ಸೀಸೆ, ಬಿರಡೆ, ನಳಿಕೆಗಳನ್ನು ನೋಡಿಕೊಂಡಿದ್ದವರು ಅವರು. ನಿವೃತ್ತಿಯಾದ ಮೇಲೆ ತಂಗಿಯ ಮಗಳ ಹಳೆಯ ಲ್ಯಾಪ್‌ಟಾಪಿನಲ್ಲಿ, ಗ್ರಂಥಾಲಯದ ಶನಿವಾರದ ತರಗತಿಯಲ್ಲಿ ಕೂತು ಕೋಡ್ ಕಲಿತರು. ಐವತ್ಮೂರು ವಯಸ್ಸು. ತಲೆಗೆ ಬಿಗಿದ ವಸ್ತ್ರ. ಕನ್ನಡಕದ ಒಂದು ಗಾಜು ಬಿರುಕು ಬಿಟ್ಟಿತ್ತು, ಒಂದು ಕಡ್ಡಿಯ ಜಾಗದಲ್ಲಿ ಹೊಲಿಗೆ ದಾರ ಇತ್ತು. ಆರು ತಿಂಗಳು ಸಣ್ಣಪುಟ್ಟ ತಪ್ಪು ತಿದ್ದಿದ ಮೇಲೆ ನಾವು ಅವರಿಗೆ ಕೀಲಿ ಕೊಟ್ಟೆವು. ಕೀಲಿ ಎಂದರೆ ಕೈಯಲ್ಲಿ ಹಿಡಿಯುವುದಲ್ಲ. ಯಾರನ್ನೂ ಕೇಳದೆ ಮೂಲ ಕೋಡನ್ನು ತಿದ್ದುವ ಹಕ್ಕು. ಅದು ಸಿಕ್ಕ ದಿನ ಅವರು ಇಡೀ ಕೋಣೆಗೆ ಥೋಬ್ವಾ ಮಾಡಿಕೊಂಡು ತಂದಿದ್ದರು, ಜೋಳದ ಸಿಹಿ ಗಂಜಿ, ಒಂದು ಬಕೆಟ್ಟು. ಸರ್ಕಾರಿ ಕೆಲಸದಲ್ಲಿ ಇಪ್ಪತ್ತೆರಡು ವರ್ಷಕ್ಕೆ ಸಿಗದ ಮರ್ಯಾದೆ ಇದು ಎಂದಿದ್ದರು.

ಕೀಲಿ ಸಿಕ್ಕ ಮರುದಿನ ಅವರು ಕೇಳಿದ್ದು ಒಂದೇ ಪ್ರಶ್ನೆ. "ಲಸಿಕೆ ತಾರೀಖಿನ ಪರೀಕ್ಷೆ ಎಲ್ಲಿಟ್ಟಿದ್ದೀರಿ?"

"ನನ್ನ ಗುಡಿಸಲಲ್ಲಿ ಸ್ವಲ್ಪ ಇದೆ," ಎಂದ ಲುಸುಂಗು.

"ನನ್ನದ್ರಲ್ಲೂ ಇದೆ, ಆದ್ರೆ ಹಳೇದು," ಎಂದಳು ಉಪಿಲೆ.

"ನನ್ನದ್ರಲ್ಲಿ ಇರಬಹುದು," ಎಂದೆ ನಾನು. ಖಂಡಿತ ಇರಲಿಲ್ಲ.

ಅಮಾಯಿ ಮೂರು ದಿನ ಹುಡುಕಿದರು. ಪರದೆಗೆ ಮೂಗು ತಾಗುವಷ್ಟು ಬಾಗಿ, ದಾರದ ಕನ್ನಡಕ ಒತ್ತಿ ಹಿಡಿದುಕೊಂಡು ಒಂದೊಂದು ಗುಡಿಸಲಿನ ಬಾಗಿಲು ತಟ್ಟಿದರು. ನಾಲ್ಕನೆಯ ದಿನ, ಸೋಮವಾರ, ಕುರ್ಚಿ ಹಿಂದಕ್ಕೆ ತಳ್ಳಿ ಹೇಳಿದರು:

"ಇದಾಗಲ್ಲ ತಮ್ಮಾ. ಕೋಡಿನಲ್ಲಿ ತೂಕದ ಕೋಣೆ ಇದೆ, ಲಸಿಕೆ ಕೋಣೆ ಇದೆ, ಹೆಸರು ಬರೆಯೋ ಕೋಣೆ ಇದೆ. ಪರೀಕ್ಷೆಗೂ ಒಂದೇ ಮನೆ ಮಾಡೋಣ. ಒಳಗೆ ಅದೇ ಕೋಣೆಗಳು, ಅದೇ ಹೆಸರು, ಅದೇ ಸಾಲು. ತೂಕದ ಕೋಡಿಗೆ ಎದುರುಗಡೆ ತೂಕದ ಪರೀಕ್ಷೆ."

"ಪಾತ್ರೆಗೆ ಎದುರು ಮುಚ್ಚಳ," ಎಂದೆ ನಾನು ಮೆಲ್ಲಗೆ.

ಲುಸುಂಗು ಎದ್ದು ನಿಂತ. ಭಾಷಣ ಬರುತ್ತಿದೆ ಎಂದು ಉಪಿಲೆ ಮಗುವಿನ ಕಿವಿಯ ಮೇಲೆ ಬಟ್ಟೆ ಎಳೆದಳು.

"ಅಮಾಯಿ, ಪರೀಕ್ಷೆ ಯಾರು ಬರೆದ್ರೋ ಅವರದ್ದು. ನಮ್ಮ ಕಡೆ ಹಸು ಕೊಟ್ಟವನ ಅಂಗಳಕ್ಕೇ ಹೆಣ್ಣು ಬರೋದು. ಬೆವರು ಸುರಿಸಿ ಬರೆದವನ ಗುಡಿಸಲು ಬಿಟ್ಟು ಪರೀಕ್ಷೆ ಇನ್ನೆಲ್ಲಿಗೆ ಹೋಗ್ಬೇಕು?"

"ಬರೆದವನಿಗೂ ಪರೀಕ್ಷೆಗೂ ಮದುವೆ ಆಗಿದೆಯೇನಯ್ಯ?" ಎಂದರು ಅಮಾಯಿ. "ಪರೀಕ್ಷೆಗೆ ಮದುವೆ ಆಗಿರೋದು ಕೋಡಿನ ಜೊತೆ. ಕೋಡಿನ ಊರಲ್ಲೇ ಇರ್ಬೇಕು, ನಮ್ಮ ಅಳಿಯಂದಿರ ಹಾಗೆ. ಬರೆದವನು ಬರೀ ಸೋದರಮಾವ. ಮದುವೆ ಮಾಡಿಸ್ದ, ಕೋಳಿ ತಿಂದ, ಕೈ ತೊಳ್ಕೊಂಡು ಹೊರಟ."

ಉಪಿಲೆ ಎಷ್ಟು ಜೋರಾಗಿ ನಕ್ಕಳೆಂದರೆ ಮಗು ಬೆಚ್ಚಿ ಎದ್ದಿತು. "ಹಾಗಾದ್ರೆ ನಾನೂ ಕೋಳಿ ಕೇಳ್ಬೇಕಿತ್ತು! ಎಂಬತ್ತು ಪರೀಕ್ಷೆ ಬರೆದಿದ್ದೀನಿ, ಒಂದು ರೆಕ್ಕೆ ಕೂಡ ಸಿಕ್ಕಿಲ್ಲ."

ಲುಸುಂಗುವಿನ ಮುಖ ಗಡುಸಾಯಿತು. ಅವನ ಸಂಕಟ ನನಗೆ ಅರ್ಥವಾಗುತ್ತಿತ್ತು. ಶುಕ್ರವಾರ ಜಿಲ್ಲೆಯ ನರ್ಸುಗಳ ಮುಖ್ಯಸ್ಥೆ ಮೇಟ್ರನ್ ನೋಡಲು ಬರುವವರಿದ್ದರು. ಅದರ ಮುಂದಿನ ಸೋಮವಾರ ಮೂವತ್ತೊಂದು ಕ್ಲಿನಿಕ್ಕುಗಳಲ್ಲಿ ಸಿಕೆಲೊ ಕೂರಬೇಕಿತ್ತು. ನಾಲ್ಕು ವರ್ಷದ ಕೆಲಸ, ಆರುನೂರ ಎಂಟು ದಿನದ ಹಸಿರು. ಈಗ ಬಂದು ಸಾಮಾನು ಸ್ಥಳಾಂತರ ಮಾಡುತ್ತೇನೆ ಎನ್ನುವವರನ್ನು ಕಂಡರೆ ಯಾರಿಗಾದರೂ ಮೈ ಉರಿಯುತ್ತದೆ.

"ಸರಿ," ಎಂದ. "ಗುರುವಾರ ನಾಲ್ಕು ಗಂಟೆಯೊಳಗೆ ಮುಗಿಸಿ. ಆದ್ರೆ ಅಮಾಯಿ, ಹೇಳಿದ್ದೀನಿ. ನಿಮ್ಮ ಜೋಡಿಸೋ ಹುಚ್ಚಿಂದ ಆ ಹಸಿರು ದೀಪ ಆರಿದ್ರೆ, ನಿಮ್ಮ ಕೀಲಿ ವಾಪಸ್ ಕೊಡ್ಬೇಕು."

ಅಮಾಯಿ ಒಂದು ಬಕೆಟ್ ಥೋಬ್ವಾ ತಂದ ದಿನವನ್ನು ನಾವೆಲ್ಲರೂ ಕಂಡವರು.

"ಕೊಡ್ತೀನಿ," ಎಂದರು ಅಮಾಯಿ. ಕನ್ನಡಕದ ದಾರ ಬಿಗಿ ಮಾಡಿಕೊಂಡರು.

ಅಂದಿನಿಂದ ನಾಲ್ಕು ದಿನ ನಡೆದದ್ದು ದಂಡಯಾತ್ರೆ. ಒಂದೊಂದೇ ಗುಡಿಸಲು ಅವರ ವಶವಾಯಿತು. 'ಹೊಸದು' ಮಂಗಳವಾರ ಬೆಳಿಗ್ಗೆ ಶರಣಾಯಿತು, 'ಇನ್ನೂ ಹೊಸದು' ಮಧ್ಯಾಹ್ನ. ಚಿತ್ರಗಳ ಮರೆಯಲ್ಲಿದ್ದ ಲಿಲಾಂಗ್ವೆಯವನ ಕೋಟೆ ಬುಧವಾರ ಬಿತ್ತು. ಒಳಗೆ ಸಿಕ್ಕ ಸಂಪತ್ತನ್ನು ಏನೆಂದು ವರ್ಣಿಸಲಿ! ಒಂದೇ ಪರೀಕ್ಷೆಯ ಒಂಬತ್ತು ಪ್ರತಿಗಳು. ಯಾರದೋ ಚಿಕ್ಕಮ್ಮನಿಗೆ ಬರೆದು ಅರ್ಧಕ್ಕೆ ಬಿಟ್ಟ ಕಾಗದ. 'ನಾಳೆ ಬರೀತೀನಿ' ಎಂಬ ಒಂದೇ ಸಾಲಿದ್ದ ಪರೀಕ್ಷೆ, ದಿನಾಂಕ ಮೂರು ವರ್ಷ ಹಿಂದಿನದು. 'ತಾತ್ಕಾಲಿಕ'ದ ಬಾಗಿಲು ತೆರೆದಾಗ ನಾನು ಮಂಡಾಸಿ ತರುವ ನೆಪದಲ್ಲಿ ಕೆಳಗಿಳಿದೆ. ಮೇಲೆ ಬಂದಾಗ ಅಮಾಯಿ ನನ್ನನ್ನೇ ನೋಡುತ್ತಿದ್ದರು.

"ಏನಪ್ಪಾ, ಈ ನಿನ್ನ ಪರೀಕ್ಷೆ. ಒಂದು ಅಂದ್ರೆ ಒಂದೇ ಹೌದೋ ಅಲ್ವೋ ಅಂತ ಕೇಳುತ್ತೆ."

"ಪಾಸಾಗುತ್ತಲ್ಲ?"

"ಆಗುತ್ತೆ," ಎಂದರು. ಬೈಯಲಿಲ್ಲ. ಸುಮ್ಮನೆ ನೋಡಿದರು. ವೈಸನ್ ಎರಡು ದಿನ ಅಮ್ಮನ ಊರಿಗೆ ಏಕೆ ಹೋಗಿದ್ದನೆಂದು ನನಗೆ ಆಗ ತಿಳಿಯಿತು.

ಗುರುವಾರ ಮೂರೂವರೆಗೆ ಮುನ್ನೂರ ನಲವತ್ತು ಪರೀಕ್ಷೆಗಳು ಒಂದೇ ಮನೆಯಲ್ಲಿ, ತಮ್ಮ ತಮ್ಮ ಕೋಡಿನ ಎದುರು, ತಮ್ಮ ತಮ್ಮ ಕೋಣೆಯಲ್ಲಿ ಕೂತಿದ್ದವು. ಎಲ್ಲೆಲ್ಲಿ ಪರೀಕ್ಷೆಯೇ ಇಲ್ಲವೋ ಅಲ್ಲಿ ಬರಿಯ ಮೊಳೆ ಕಾಣುತ್ತಿತ್ತು, ಒಟ್ಟು ಒಂಬತ್ತು. ಅದರಲ್ಲಿ ಎಷ್ಟು ನನ್ನವು ಎಂಬುದು ಈ ಕಥೆಗೆ ಬೇಡ.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಅಮಾಯಿ ಗುಂಡಿ ಒತ್ತಿದರು. ಮೇಷ್ಟ್ರು ಹೊರಟರು.

ಹಿಂದೆಲ್ಲ ಮೇಷ್ಟ್ರು ಹೋಗಿ ಬರುವುದರೊಳಗೆ ಕಣ್ಣು ಮಿಟುಕಿಸಲೂ ಪುರುಸೊತ್ತು ಇರುತ್ತಿರಲಿಲ್ಲ. ಈಗ ಒಂದು ನಿಮಿಷವಾಯಿತು. ಎರಡಾಯಿತು. ಕೆಳಗಡೆ ಯಾರೋ ಸೈಕಲ್ ಚಕ್ರ ತಿರುಗಿಸಿ ಬಿಟ್ಟಿದ್ದರು, ಅದು ಟಿಕಟಿಕ ಎನ್ನುತ್ತಲೇ ಇತ್ತು.

"ಮೊದಲೆಲ್ಲ ಎಷ್ಟು ಹೊತ್ತು ತಗೋತಿತ್ತು?" ಎಂದು ಅಮಾಯಿ ಕೇಳಿದರು.

"ಚಿಟಿಕೆ ಹೊಡೆಯೋದ್ರೊಳಗೆ ಮುಗೀತಿತ್ತು," ಎಂದ ಲುಸುಂಗು. "ನಮ್ಮ ಕೋಡು ಅಷ್ಟು ಚುರುಕು."

"ಮುನ್ನೂರ ನಲವತ್ತು ಪರೀಕ್ಷೆ, ಒಂದು ಚಿಟಿಕೆಗೆ?"

ಲುಸುಂಗು ಬಾಯಿ ತೆರೆದ. ಭಾಷಣ ಬರಲಿಲ್ಲ. ಅವನ ಜೀವಮಾನದಲ್ಲಿ ಅದು ಮೊದಲ ಸಲ ಇರಬೇಕು.

ಆರನೆಯ ನಿಮಿಷಕ್ಕೆ ಹಸಿರು ದೀಪ ಆರಿತು. ವಿದ್ಯುತ್ ಹೋಯಿತೆಂದು ನಾವೆಲ್ಲ ಫ್ಯಾನಿನ ಕಡೆ ನೋಡಿದೆವು. ಫ್ಯಾನು ತಿರುಗುತ್ತಿತ್ತು. ಆಮೇಲೆ, ಜೇಡನ ಬಲೆಯೊಳಗಿಂದ, ಒಂದು ಕೆಂಪು ಬೆಳಕು.

ಆ ಬೆಳಕನ್ನು ನಾನು ಹೇಗೆ ಹೇಳಲಿ. ನಾಲ್ಕು ಜನ ದೊಡ್ಡವರು, ಓದಿದವರು, ಒಂದು ಹತ್ತು ವ್ಯಾಟಿನ ಬಲ್ಬಿನ ಮುಂದೆ ಹಾವು ಕಂಡ ಕೋಳಿಗಳ ಹಾಗೆ ನಿಂತುಬಿಟ್ಟೆವು. ಜೇಡ ತನ್ನ ಸಂಸಾರ ಸಮೇತ ಗೋಡೆಗುಂಟ ಓಡಿತು.

"ಅದು ಉರಿಯುತ್ತಾ?" ಎಂದಳು ಉಪಿಲೆ. "ನಾನು ಅದನ್ನ ಅಲಂಕಾರಕ್ಕೆ ಅಂದ್ಕೊಂಡಿದ್ದೆ."

ಪರದೆಯ ಮೇಲೆ ಸಾಲು ಬಂತು. ಹಾಜರು ಮುನ್ನೂರ ನಲವತ್ತು. ನಪಾಸು ನಲವತ್ತೇಳು.

"ಒಡೆದುಬಿಟ್ರಿ!" ಲುಸುಂಗು ಕೂಗಿದ. "ನಾಳೆ ಮೇಟ್ರನ್ ಬರ್ತಾರೆ! ನಾಲ್ಕು ದಿನ ಆ ಕಡೆ ಈ ಕಡೆ ಎಳೆದಾಡಿ ನಲವತ್ತೇಳು ಕಡೆ ಒಡೆದುಬಿಟ್ರಿ ಅಮಾಯಿ! ಆರುನೂರ ಹನ್ನೊಂದು ದಿನ—"

ಅಮಾಯಿ ಕೀಲಿ ಬಿಡುವ ಪುಟವನ್ನು ತೆರೆದು, ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಅವನ ಕಡೆಗೆ ತಿರುಗಿಸಿ ಇಟ್ಟರು. ಒಂದು ಗುಂಡಿ ಒತ್ತಿದರೆ ಸಾಕಿತ್ತು. ಅವರ ಕೈ ಮಡಿಲಲ್ಲಿತ್ತು, ಒಂದು ಹೆಬ್ಬೆರಳು ಇನ್ನೊಂದನ್ನು ಉಜ್ಜುತ್ತಿತ್ತು.

"ಸ್ವಲ್ಪ ತಡಿ ಅಣ್ಣಾ," ಎಂದಳು ಉಪಿಲೆ. "ನಿನ್ನೆ ಮೇಷ್ಟ್ರು ಬರೆದ ಚೀಟಿ ಇರುತ್ತಲ್ಲ, ಅದನ್ನ ನೋಡೋಣ. ಯಾವ್ಯಾವುದು ನಿನ್ನೆ ಪಾಸಾಗಿತ್ತು, ಇವತ್ತು ಬಿತ್ತು ಅಂತ ಗೊತ್ತಾಗುತ್ತೆ."

ಆ ಚೀಟಿಯನ್ನು ನಾವು ಯಾರೂ ಯಾವತ್ತೂ ಓದಿದವರಲ್ಲ. ದೀಪ ಇರುವಾಗ ಚೀಟಿ ಯಾಕೆ? ಉಪಿಲೆ ತೆರೆದಳು. ಓದಿದಳು. ಇನ್ನೊಮ್ಮೆ ಓದಿದಳು. ಆಮೇಲೆ ಹಿಂದಿನ ದಿನದ್ದು, ಹಿಂದಿನ ವಾರದ್ದು, ಹಿಂದಿನ ವರ್ಷದ್ದು.

"ಹಾಜರು ಸೊನ್ನೆ," ಎಂದಳು. "ನಪಾಸು ಸೊನ್ನೆ."

"ಏನು?"

"ಯಾರೂ ಇಲ್ಲ ಅಣ್ಣಾ. ಮೇಷ್ಟ್ರು ಹಳೇ ದೊಡ್ಡ ಫೋಲ್ಡರಿಗೇ ಹೋಗ್ತಿದ್ರು. ದಿನಾ. ಅಲ್ಲಿ ಒಂದೂ ಪರೀಕ್ಷೆ ಇಲ್ಲ. ಎಲ್ಲರೂ ಗುಡಿಸಲು ಕಟ್ಕೊಂಡು ಹೋಗಿದ್ವಲ್ಲ. ಮೇಷ್ಟ್ರಿಗೆ ಯಾರೂ ಹೇಳೇ ಇಲ್ಲ. ಅಮಾಯಿ ಹೊಸ ಮನೆ ಮಾಡಿದ್ದು ಅದೇ ಫೋಲ್ಡರಲ್ಲಿ, ಅದಕ್ಕೇ ಇವತ್ತು ಎಲ್ಲಾ ಕೈಗೆ ಸಿಕ್ತು."

ಖಾಲಿ ಕೋಣೆಗೆ ದಿನಾ ಗಡಿಯಾರದ ಹಾಗೆ ಹೋಗಿ, ಖಾಲಿ ಬೆಂಚುಗಳನ್ನು ನೋಡಿ, ಯಾರೂ ನಪಾಸಾಗಿಲ್ಲವೆಂದು ಸಂತೋಷಪಟ್ಟು, ಹಸಿರು ದೀಪ ಹಚ್ಚಿ ಬಂದಿದ್ದರು ನಮ್ಮ ಮೇಷ್ಟ್ರು. ಆರುನೂರ ಹನ್ನೊಂದು ದಿನ. ಲುಸುಂಗು ಗುಡಿಸಲಿನ ಭಾಷಣ ಮಾಡಿದ್ದೂ, ನಾವು ಚಪ್ಪಾಳೆ ತಟ್ಟಿದ್ದೂ ಸರಿಯಾಗಿ ಆರುನೂರ ಹನ್ನೊಂದು ದಿನಗಳ ಹಿಂದೆ. ನಾವು ಬರೆದ ಪರೀಕ್ಷೆಗಳನ್ನು ಬರೆದ ದಿನ ನಮ್ಮ ನಮ್ಮ ಯಂತ್ರದಲ್ಲಿ ಒಮ್ಮೆ ಓಡಿಸಿ ನೋಡಿದ್ದೆವು, ಅಷ್ಟೇ. ಆಮೇಲೆ ಇನ್ನೊಬ್ಬರು ಕೋಡಿಗೆ ಕೈ ಹಾಕಿದಾಗ ಅವುಗಳ ಪಾಡೇನಾಯಿತೆಂದು ಕೇಳಿದವರಿಲ್ಲ.

ಲುಸುಂಗು ಕುಳಿತ. ಕುರ್ಚಿ ಇತ್ತು, ಪುಣ್ಯ. ಇಲ್ಲದಿದ್ದರೂ ಕುಳಿತುಬಿಡುತ್ತಿದ್ದ.

ಉಪಿಲೆ ನಪಾಸಾದವರ ಪಟ್ಟಿಯನ್ನು ಬೆರಳಿಟ್ಟು ಓದುತ್ತ ಕೆಳಗಿಳಿಯುತ್ತಿದ್ದಳು. ಇದ್ದಕ್ಕಿದ್ದಂತೆ ಬೆರಳು ನಿಂತಿತು.

"ಇದು ನನ್ನದು. ರುಕಿಯಾ ಹೆಸರಲ್ಲಿ ಬರೆದಿದ್ದೆ."

ಆ ಪರೀಕ್ಷೆ ಅವಳು ಬಾಣಂತನ ಮುಗಿಸಿ ಬಂದ ವಾರ ಬರೆದದ್ದು. ರುಕಿಯಾ ಮಂಗೋಚಿಯ ಅಜ್ಜಿಮನೆಯಲ್ಲಿ ಹುಟ್ಟಿದ ಮಗು. ಎರಡು ತಿಂಗಳಾದ ಮೇಲೆ ತಾಯಿಯ ಜೊತೆ ಜೋಂಬಾಕ್ಕೆ ಬಂದಳು. ಹಾಗಾದರೆ ಹೆಸರು ಜೋಂಬಾದ ಪಟ್ಟಿಯಲ್ಲಿ ಇರಬೇಕು, ಇದೆಯೇ? ಬರೆದ ದಿನ ಇತ್ತು. ಈಗ ಇರಲಿಲ್ಲ. ಮಂಗೋಚಿಯಲ್ಲೂ ಇರಲಿಲ್ಲ.

"ಮತ್ತೆಲ್ಲಿ ಬರುತ್ತೆ?" ಎಂದೆ.

"ನ್ಖಾಟಾ ಬೇ," ಎಂದು ಓದಿದಳು ಉಪಿಲೆ. ಉತ್ತರದ ಊರು, ಬಸ್ಸಿನಲ್ಲಿ ಒಂದು ಹಗಲು ಪೂರ್ತಿ ಬೇಕು. ರುಕಿಯಾಳ ತಂದೆ ಅಲ್ಲಿಯವನು. "ನನ್ನ ಮಗಳು ನ್ಖಾಟಾ ಬೇ ಕ್ಲಿನಿಕ್ಕಿನ ಪಟ್ಟಿಯಲ್ಲಿದ್ದಾಳಂತೆ. ನಾವು ಆ ಊರಿಗೆ ಕಾಲೇ ಇಟ್ಟಿಲ್ಲ." ಅವಳು ಬೆನ್ನಿಗೆ ಕೈ ಹಾಕಿ ಮಗುವನ್ನು ಮುಟ್ಟಿ ನೋಡಿದಳು. "ಹಾಗಾದ್ರೆ ಇಲ್ಲಿ ನನ್ನ ಬೆನ್ನ ಮೇಲೆ ನಿದ್ದೆ ಹೊಡೀತಿರೋದು ಯಾರು?"

ನಗೆ ಬರಲಿಲ್ಲ. ನಾವೆಲ್ಲರೂ ಲುಸುಂಗುವಿನ ಕಡೆ ತಿರುಗಿದೆವು. ಅವನ ಮುಖ ಬೂದಿಯಾಗಿತ್ತು.

"ನಾನೇ," ಎಂದ. "ನಾಲ್ಕು ತಿಂಗಳ ಹಿಂದೆ. ಮಗು ಒಂದು ಕ್ಲಿನಿಕ್ಕಿಂದ ಹೊರಟ್ರೆ ಎಲ್ಲಿಗೆ ಹೋಗುತ್ತೆ ಅಂತ ಕೋಡಲ್ಲಿ ಸ್ಪಷ್ಟವಾಗಿ ಇರ್ಲಿಲ್ಲ. ಅಪ್ಪನ ಊರಿಗೆ ಅಂತ ಹಾಕ್ದೆ. ಮತ್ತೆ ಮಗು ಇನ್ನೆಲ್ಲಿಗೆ ಹೋಗುತ್ತೆ? ನಾನು ಯೋಚ್ನೆ ಕೂಡ ಮಾಡ್ಲಿಲ್ಲ. ದೀಪ ಹಸಿರಿತ್ತು."

ಪೇಟೆಗೆ ಬಂದು ನೆಲೆಸಿ, ಹೆರಿಗೆಗೆ ತಾಯಿಯ ಊರಿಗೆ ಹೋಗಿ ಬರುವ ಹೆಂಗಸರು ಈ ಜಿಲ್ಲೆಯಲ್ಲಿ ಎಷ್ಟು ಜನ? ಆ ಮಕ್ಕಳೆಲ್ಲ ಸೋಮವಾರ ಬೆಳಿಗ್ಗೆ, ಮೂವತ್ತೊಂದು ಕ್ಲಿನಿಕ್ಕುಗಳ ಪಟ್ಟಿಯಿಂದ ಸದ್ದಿಲ್ಲದೆ ಎದ್ದು, ತಾವೆಂದೂ ಕಾಲಿಡದ ಅಪ್ಪಂದಿರ ಊರುಗಳಿಗೆ ಹೊರಟುಹೋಗುತ್ತಿದ್ದರು. ಅಲ್ಲಿ ಬರುತ್ತಿರಲಿಲ್ಲ, ಇಲ್ಲಿ ಇರುತ್ತಿರಲಿಲ್ಲ. ಯಾವ ಸೈಕಲ್ಲೂ ಅವರ ಬಾಗಿಲಿಗೆ ಬರುತ್ತಿರಲಿಲ್ಲ. ಗೋಡೆಯ ಮೇಲೆ ಮಾತ್ರ ಹಸಿರು ದೀಪ ಉರಿಯುತ್ತಿತ್ತು, ಕೆಳಗೆ ಆರುನೂರ ಹದಿನೈದು ಎಂದು ಬರೆದಿರುತ್ತಿತ್ತು.

ಅಮಾಯಿ ಲ್ಯಾಪ್‌ಟಾಪಿನ ಕಡೆ ಗಲ್ಲ ಎತ್ತಿ ತೋರಿಸಿದರು. "ದೀಪ ಆರಿದೆ ಜೆರೆಯವರೇ. ಮಾತು ಮಾತೇ. ಕೀಲಿ ತಗೋತೀರೋ?"

ಬಹುವಚನ ಕೇಳಿ ಲುಸುಂಗು ಕುಗ್ಗಿದ. ನಮ್ಮಲ್ಲಿ ಸಿಟ್ಟು ಬಂದವರೇ ಹೆಚ್ಚು ಮರ್ಯಾದೆ ಕೊಡುವುದು.

"ಅಮಾಯಿ, ವಾಪಸ್ ಕೊಡ್ಬೇಕಾದ್ದು ನನ್ನ ಕೀಲಿ."

"ನಿನ್ನ ಕೀಲಿ ಇಟ್ಕೊಂಡು ನಾನೇನು ಮಾಡ್ಲಿ, ಬಾಗಿಲಿಗೆ ತೋರಣ ಕಟ್ಲಾ? ಕುರ್ಚಿ ಈ ಕಡೆ ಎಳ್ಕೋ ತಮ್ಮಾ. ನಲವತ್ತೇಳಿದೆ."

ಅವರು ಆ ಪುಟವನ್ನು ಮುಚ್ಚಿದರು.

ಶುಕ್ರವಾರ ಮೇಟ್ರನ್ ಬಂದಾಗ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಆರಿಸಿಬಿಡೋಣ ಎಂದು ನಾನು ಹೇಳಿದ್ದೆ. ಲುಸುಂಗು ಒಪ್ಪಲಿಲ್ಲ. ಅವನು ಎದ್ದು ನಿಂತು, ಭಾಷಣವಿಲ್ಲದೆ, ನಡೆದದ್ದನ್ನೆಲ್ಲ ಹೇಳಿದ. ಮೇಟ್ರನ್ ಭಾರೀ ಹೆಂಗಸು, ಮೂವತ್ತು ವರ್ಷ ಮಕ್ಕಳನ್ನು ತಕ್ಕಡಿಗೆ ಹಾಕಿದವರು. ಕೇಳುತ್ತ ಕೇಳುತ್ತ ಅವರ ಹುಬ್ಬು ತಲೆವಸ್ತ್ರದೊಳಗೆ ಹೋಗಿ ಸೇರಿತು.

"ಮಗು ಅಪ್ಪನ ಊರಿಗೆ ಹೋಗುತ್ತೆ ಅಂತ ಬರೆದವನು ಯಾವ ಊರಿನ ಗಂಡಸಪ್ಪಾ?"

"ಮ್ಜಿಂಬಾ, ಅಮ್ಮಾ."

"ಹಾಗೆ ಹೇಳು! ನನ್ನ ಇಡೀ ಜಿಲ್ಲೇನೇ ಮದುವೆ ಮಾಡ್ಕೊಂಡು ಕರ್ಕೊಂಡು ಹೋಗೋಕೆ ಹೊರಟಿದ್ಯಲ್ಲೋ. ಅಷ್ಟು ಹಸು ಇದ್ಯಾ ನಿಮ್ಮಪ್ಪನ ಹತ್ರ?"

ಆಮೇಲೆ ಅವರು ನಗುವುದನ್ನು ನಿಲ್ಲಿಸಿ, ರುಕಿಯಾಳನ್ನು ಉಪಿಲೆಯ ಬೆನ್ನಿಂದ ಬಿಚ್ಚಿಸಿ ತೊಡೆಯ ಮೇಲೆ ಕೂರಿಸಿಕೊಂಡು, ಕೆಂಪು ದೀಪದ ಕಡೆ ಕೈ ತೋರಿಸಿದರು. "ಸೋಮವಾರ ಬೇಡ," ಎಂದರು. "ಅದು ಹಸಿರಾದ ದಿನ ಬರ್ತೀನಿ. ನಿಜವಾದ ಹಸಿರು."

ಹತ್ತೊಂಬತ್ತು ದಿನ ಬೇಕಾಯಿತು. ಗುಡಿಸಲುಗಳನ್ನು ಕೆಡವಿದೆವು. ಮೇಷ್ಟ್ರಿಗೆ ಹೊಸ ನಿಯಮ ಬರೆದೆವು: ಕೋಣೆ ಖಾಲಿ ಇದ್ದರೆ ಅದೂ ಕೆಂಪು. ಮಗು ಎಲ್ಲಿಗೆ ಹೋಗುತ್ತದೆಂದು ಕೋಡು ಈಗ ಊಹಿಸುವುದಿಲ್ಲ, ತಾಯಿಯನ್ನು ಕೇಳುತ್ತದೆ. 'ತಾತ್ಕಾಲಿಕ' ತನ್ನ ತುಂಬುಜೀವನ ನಡೆಸಿ ತೀರಿಕೊಂಡಿತು. ಹಸಿರು ಹತ್ತಿದ ಬೆಳಿಗ್ಗೆ ಲುಸುಂಗು ಹಲಗೆಯ ಮೇಲಿನ ಸಂಖ್ಯೆಯನ್ನು ತೋಳಿನಿಂದ ಒರೆಸಿ, ಒಂದು ಎಂದು ಬರೆದ. ಜೇಡಕ್ಕೆ ಹೊಸ ಜಾಗ ಸಿಕ್ಕಿತು, ಗಡಿಯಾರದ ಹಿಂದೆ.

ಮೇಟ್ರನ್ ನುಡಿದಂತೆ ಬಂದರು, ಆರು ಜನ ನರ್ಸುಗಳನ್ನೂ ಕರೆತಂದರು. ಕೆಳಗಿನ ಅಂಗಡಿಯವನು ಅಂದು ಮಂಡಾಸಿ ಬಿಸಿಯಾಗಿಯೇ ಕಳಿಸಿದ್ದ. ಲುಸುಂಗು ಹತ್ತೊಂಬತ್ತು ದಿನ ಕಟ್ಟಿಟ್ಟಿದ್ದ ಭಾಷಣವನ್ನೆಲ್ಲ ಒಟ್ಟಿಗೆ ಬಿಚ್ಚಿದ. ಅಮಾಯಿ ಚಿಸಾಲೆ ಮಹಾ ದಾರ್ಶನಿಕೆ ಎಂದ. ಅಡುಗೆಮನೆಯ ಗೋಡೆಯಲ್ಲಿ ಲೋಕದ ನಿಯಮ ಕಂಡವರು ಎಂದ. ನಾನು ಕಳ್ಳನ ಕಥೆ ಹೇಳಿದೆ, ಮೊಟ್ಟೆಯನ್ನು ನಾಲ್ಕಕ್ಕೆ ಏರಿಸಿದೆ. ನರ್ಸುಗಳು ಬಾಯಿಗೆ ಕೈ ಇಟ್ಟುಕೊಂಡು ಅಮಾಯಿಯನ್ನೇ ನೋಡುತ್ತಿದ್ದರು. ಕೊನೆಗೆ ಮೇಟ್ರನ್ನೇ ಕೇಳಿದರು:

"ನಿಜ ಹೇಳಮ್ಮ. ಇಷ್ಟು ಜನಕ್ಕೆ ಕಾಣದ್ದು ನಿನಗೆ ಹೇಗೆ ಗೊತ್ತಾಯ್ತು? ಎಲ್ಲಾ ಒಂದು ಕಡೆ ತಂದ್ರೆ ಹೀಗಾಗುತ್ತೆ ಅಂತ ಮೊದಲೇ ಅನ್ನಿಸಿತ್ತಾ?"

ಅಮಾಯಿ ಚಿಸಾಲೆ ಮಂಡಾಸಿ ಕಚ್ಚಿ, ನಿಧಾನವಾಗಿ ಅಗಿದು ನುಂಗಿ, ದಾರದ ಕನ್ನಡಕವನ್ನು ಮೇಲೆ ತಳ್ಳಿಕೊಂಡರು.

"ಏನೂ ಅನ್ನಿಸಿರ್ಲಿಲ್ಲ ಅಮ್ಮ. ಕನ್ನಡಕ ಒಡೆದಿತ್ತು. ಹುಡುಕಿ ಹುಡುಕಿ ತಲೆನೋವು ಬರ್ತಿತ್ತು. ಅದಕ್ಕೇ ಒಂದ್ಕಡೆ ಇಟ್ಕೊಂಡೆ."